ಸಿಇಪಿ ಎಂದರೆ ಅರ್ಧ ಗುಂಡುಗಳ ವೃತ್ತ

ಮಾರ್ಟರ್ (ಗುಂಡನ್ನು ಮೇಲಕ್ಕೆ ಚಿಮ್ಮಿಸಿ ದೂರಕ್ಕೆ ಹಾರಿಸುವ ನಳಿಗೆ), ಗ್ರೆನೇಡ್ ಲಾಂಚರ್‌ಗಳ ಸುದ್ದಿಯಲ್ಲಿ ‘ಸಿಇಪಿ 20 ಮೀಟರ್’ ಎಂದಿದ್ದರೆ, ಗುಂಡುಗಳೆಲ್ಲ ಗುರಿಯಿಂದ 20 ಮೀಟರಿನೊಳಗೆ ಬೀಳುತ್ತವೆ ಎಂದು ಓದುವವರೇ ಹೆಚ್ಚು. ಬೀಳುವುದು ಅರ್ಧ ಮಾತ್ರ. ಸರ್ಕ್ಯುಲರ್ ಎರರ್ ಪ್ರಾಬಬಲ್ ಎಂಬುದರ ಮೊಟಕು ರೂಪ ಇದು; ‘ವರ್ತುಲ ಸಂಭಾವ್ಯ ದೋಷ’ ಎನ್ನಬಹುದು.

ಪೆರ್ಲದ ನಮ್ಮ ಮನೆಯ ಕೆಳಗಿನ ಗದ್ದೆಯನ್ನು ಉತ್ತು ನೀರು ಬಿಟ್ಟಿದ್ದಾಗ ಅಕ್ಕನ ಮಗನಿಗೆ ಇದನ್ನು ತೋರಿಸಿದೆ. ಕೆಸರಿನಲ್ಲಿ ಒಂದು ಗೂಟ ನೆಟ್ಟು, ಹುಣಿಯ ಮೇಲೆ ನಿಂತು ಹತ್ತು ಅಡಿಕೆ ಎಸೆಯಲು ಹೇಳಿದೆ. ಬಿದ್ದ ಅಡಿಕೆ ಉರುಳದೆ ಅಲ್ಲಲ್ಲೇ ಕಚ್ಚಿಕೊಂಡಿತು. ಗೂಟಕ್ಕೆ ಬಾಳೆನಾರು ಕಟ್ಟಿ, ಹತ್ತಿರದಿಂದ ಎಣಿಸಿ ಐದನೆಯ ಅಡಿಕೆಗೆ ಮುಟ್ಟುವಷ್ಟು ಎಳೆದೆವು: ಎರಡು ಮೊಳ. ಅವನ ಸಿಇಪಿ ಅಷ್ಟು. ಅತಿ ದೂರದ್ದು ನಾಲ್ಕು ಮೊಳದಾಚೆಗಿತ್ತು. ಚದುರುವಿಕೆ ಎಲ್ಲ ದಿಕ್ಕಿಗೂ ಒಂದೇ ಸಮನಾಗಿದ್ದರೆ ಸಿಇಪಿಯ ಎರಡರಷ್ಟು ತ್ರಿಜ್ಯದೊಳಗೆ ನೂರಕ್ಕೆ ಸುಮಾರು 94 ಬೀಳುತ್ತವೆ. ಉಳಿದ ಆರು ಹೊರಗೆ. ಊರಿನ ಸಮೀಪ ಗುಂಡು ಹಾರಿಸುವಾಗ ಆ ಆರನ್ನು ಮರೆಯುವಂತಿಲ್ಲ.

ರೈಫಲ್ ಗುಂಡು ಸೆಕೆಂಡಿಗೆ 900 ಮೀಟರ್ ಆಸುಪಾಸಿನ ವೇಗದಲ್ಲಿ ಹೊರಡುತ್ತದೆ. ರೈಫಲ್ಲಿನ ನಳಿಗೆಯಡಿ ಜೋಡಿಸುವ ಎಂ203 ಲಾಂಚರ್‌ನ 40 ಮಿಲಿಮೀಟರ್ ಗ್ರೆನೇಡ್‌ನದು ಸುಮಾರು 76 ಮೀಟರ್. 150 ಮೀಟರ್ ದಾಟಲು ಎರಡು ಸೆಕೆಂಡು ಬೇಕು. ಅಷ್ಟು ಹೊತ್ತೂ ಅಡ್ಡಗಾಳಿ ಅದನ್ನು ತಳ್ಳುತ್ತಿರುತ್ತದೆ. ಹಾಗಾಗಿಯೇ ಅದಕ್ಕೆ ಎರಡು ದೂರ ಹೇಳುತ್ತಾರೆ: ಕಿಟಕಿಯಂಥ ಒಂದೇ ಗುರಿಗೆ 150 ಮೀಟರ್, ಒಂದು ಪ್ರದೇಶಕ್ಕೆ 350.

ಮಾರ್ಟರ್‌ನ ಕಥೆ ಇನ್ನೂ ಸ್ವಾರಸ್ಯದ್ದು. ನಳಿಗೆ 45 ಡಿಗ್ರಿಯ ಹತ್ತಿರ ಇದ್ದಾಗ ಕೋನ ತುಸು ತಪ್ಪಿದರೂ ದೂರ ಹೆಚ್ಚು ಬದಲಾಗದು. ವೇಗ ತಪ್ಪಿದರೆ ಮಾತ್ರ ಪೆಟ್ಟು. ದೂರವು ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ, ಗಾಳಿಯ ತಡೆ ಬದಿಗಿಟ್ಟರೆ, ವೇಗದಲ್ಲಿ ಶೇಕಡಾ 1ರ ವ್ಯತ್ಯಾಸ ದೂರದಲ್ಲಿ ಶೇಕಡಾ 2 ಆಗುತ್ತದೆ. 3,000 ಮೀಟರಿಗೆ 60 ಮೀಟರ್! ಗುಂಡನ್ನು ಹಾರಿಸುವ ಮದ್ದು ಬಿಸಿಲಿಗೆ ಕಾದಿದ್ದರೂ ತೇವ ಹಿಡಿದಿದ್ದರೂ ವೇಗ ಇಷ್ಟು ತಪ್ಪಲು ಸಾಕು. ನಳಿಗೆಯನ್ನು ಹೊರುವ ತಳತಟ್ಟೆ ನಮ್ಮ ಗದ್ದೆಯಂಥ ಕೆಸರಿನಲ್ಲಿ ಹೂತುಹೋಗುತ್ತದೆ, ಮುರಕಲ್ಲಿನ ಮೇಲೆ ಜಿಗಿಯುತ್ತದೆ. ಹೀಗೆ ಗುಂಡುಗಳು ಹಿಂದೆ ಮುಂದೆ ಹೆಚ್ಚು, ಅಕ್ಕಪಕ್ಕ ಕಡಿಮೆ ಚದುರಿ, ವೃತ್ತದ ಬದಲು ನೀಳವಾದ ಅಂಡಾಕಾರ ಮೂಡುತ್ತದೆ. ಒಂದೇ ಸಂಖ್ಯೆಯ ಸಿಇಪಿ ಈ ಆಕಾರವನ್ನು ಮುಚ್ಚಿಡುತ್ತದೆ. ನನಗೆ ಅದರ ದೊಡ್ಡ ಕೊರತೆಯಾಗಿ ಕಾಣುವುದು ಇದು.

ವೃತ್ತದ ಕೇಂದ್ರ ಯಾವುದೆಂದೂ ಕೇಳಬೇಕು. ಕೆಲವರು ಗುರಿಯಿಂದ ಅಳೆಯುತ್ತಾರೆ, ಕೆಲವರು ಗುಂಡುಗಳು ಬಿದ್ದ ಜಾಗದ ನಟ್ಟನಡುವಿನಿಂದ. ಹುಡುಗನ ಅಡಿಕೆಗಳು ಬಹುಪಾಲು ಗೂಟದ ಎಡಕ್ಕೇ ಬಿದ್ದಿದ್ದವು. ಮಾರ್ಟರ್ ಪಡೆಯ ವೀಕ್ಷಕ ಹೇಳುವಂತೆ ‘ಬಲಕ್ಕೆ ಒಂದು ಮೊಳ’ ಎಂದೆ. ಮತ್ತೆ ಹತ್ತು ಎಸೆದ. ಗುಂಪು ಗೂಟದ ಸುತ್ತ ಬಂದು ಕೂತಿತು. ಅದರ ಹರವು ಮಾತ್ರ ಮೊದಲಿನಷ್ಟೇ ಇತ್ತು.