ಮಿಸ್‌ಫೈರ್: ಗುಂಡು ಹಾರಿದ್ದರೆ ಅದು ಮಿಸ್‌ಫೈರ್ ಅಲ್ಲ

ಪೇಪರಿನಲ್ಲಿ ಇಂಥ ತಲೆಬರಹ ನೀವೂ ಓದಿರುತ್ತೀರಿ. "ಬಂದೂಕು ಮಿಸ್‌ಫೈರ್ ಆಗಿ ಕಾಲಿಗೆ ಗಾಯ." ಬಂದೂಕು ಒರೆಸುವಾಗಲೋ, ಬೀಗರಿಗೆ ತೋರಿಸುವಾಗಲೋ ಗುಂಡು ಹಾರಿರುತ್ತದೆ. ನಮ್ಮ ಕಾಕಾ ಇದನ್ನು ಓದಿದಾಗಲೆಲ್ಲ ಚಾ ಕಪ್ಪು ಕೆಳಗಿಟ್ಟು ನಗುತ್ತಾರೆ. "ಮಿಸ್‌ಫೈರ್ ಆಗಿದ್ದರ ಕಾಲು ಉಳೀತಿತ್ತಲ್ಲೋ ತಮ್ಮಾ!"

ಅವರು ಹೇಳುವುದು ಸರಿ. ಟ್ರಿಗರ್ ಒತ್ತಿದರೂ ಗುಂಡು ಹಾರದೇ ಉಳಿದರೆ ಅದು ಮಿಸ್‌ಫೈರ್. ಪೇಪರಿನಲ್ಲಿ ಬರುವುದು ಪೂರಾ ಉಲ್ಟಾ. ಅಲ್ಲಿ ಗುಂಡು ಹಾರಿದೆ, ಆದರೆ ಹಾರಬಾರದ ಹೊತ್ತಿಗೆ ಹಾರಿದೆ. ಅದಕ್ಕೆ "ಕೈತಪ್ಪಿ ಗುಂಡು ಹಾರಿತು" ಅಂತ ಬರೆದರೆ ಸಾಕಲ್ವಾ? ಇದು ಸುಮ್ನೆ ಪದದ ಜಗಳ ಅಂದುಕೊಳ್ಳಬೇಡಿ. ಕೈತಪ್ಪಿ ಹಾರಿದ ಗುಂಡಿನ ಹಿಂದೆ ಸಾಮಾನ್ಯವಾಗಿ ಒಂದು ಬೆರಳು ಇರುತ್ತದೆ, "ಒಳಗೇನೂ ಇಲ್ಲ" ಅಂತ ನಂಬಿಕೊಂಡ ತಲೆಯೊಂದು ಇರುತ್ತದೆ. ಮಿಸ್‌ಫೈರ್ ಅಂದ ಕೂಡಲೇ ಆ ತಪ್ಪೆಲ್ಲ ಪಾಪ ಬಂದೂಕಿನ ತಲೆಗೆ ಬೀಳುತ್ತದೆ.

ಈ ಪದವನ್ನು ಸರಿಯಾಗಿ ಬಳಸುವವರು ಹುಬ್ಬಳ್ಳಿಯ ಗ್ಯಾರೇಜಿನ ಹುಡುಗರು. "ಗಾಡಿ ಮಿಸ್ಸಿಂಗ್ ಹೊಡೀತೈತ್ರಿ" ಅಂದರೆ ಪ್ಲಗ್ಗಿನಲ್ಲಿ ಕಿಡಿ ಹತ್ತಬೇಕಾದಾಗ ಹತ್ತಲಿಲ್ಲ, ಇಂಜಿನ್ ಒಂದು ಹೊಡೆತ ತಪ್ಪಿಸಿತು ಅಂತ. ಪಿಸ್ತೂಲಿನಲ್ಲೂ ಅದೇ ಅರ್ಥ. ಇನ್ನೂ ಸಲೀಸಾಗಿ ಬೇಕೆಂದರೆ ದೀಪಾವಳಿಯ ಠುಸ್ ಪಟಾಕಿ ನೆನಪಿಸಿಕೊಳ್ಳಿ.

ಕಾಕಾ ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ. ಸೀಸನ್ನಿನಲ್ಲಿ ರೊಕ್ಕ ಓಡಾಡುವ ಧಂದೆ, ಅದಕ್ಕೇ ಪರವಾನಗಿ ತೆಗೆದುಕೊಂಡು ಒಂದು .32 ಪಿಸ್ತೂಲು (ನಳಿಗೆಯ ಬಾಯಳತೆ, ಇಂಚಿನ ಲೆಕ್ಕದಲ್ಲಿ) ಇಟ್ಟುಕೊಂಡಿದ್ದಾರೆ. ನಮ್ಮ ದೇಶದಲ್ಲಿ 9 ಎಂಎಂ ಪಿಸ್ತೂಲು ಸಾಮಾನ್ಯ ಜನರಿಗೆ ನಿಷಿದ್ಧ, ಹಾಗಾಗಿ ವ್ಯಾಪಾರಸ್ಥರ ಸೊಂಟದಲ್ಲಿ ಜಾಸ್ತಿ ಕಾಣುವುದು ಈ .32 ತಾನೇ. ಅದು ಅಲ್ಲಿ ವರ್ಷಗಟ್ಟಲೆ ಸುಮ್ನೆ ಕೂತಿರುತ್ತದೆ. ಬೆವರು ಕುಡಿಯುತ್ತದೆ, ಅಂಗಿಯ ದಾರ ನುಂಗುತ್ತದೆ, ಮಾರ್ಕೆಟ್ಟಿನ ಕೆಂಪು ಧೂಳು ತಿನ್ನುತ್ತದೆ. ಹೀಗೆ ಕೂತು ಕೂತು ಕೆಡುವ ಸಾಮಾನು ಇದು, ಕೆಟ್ಟಿದ್ದು ಹೊರಗಿಂದ ಗೊತ್ತೇ ಆಗುವುದಿಲ್ಲ.

ಒಂದು ಡಿಸೆಂಬರಿನಲ್ಲಿ ಕಾಕಾ ಫೈರಿಂಗ್ ಅಭ್ಯಾಸಕ್ಕೆ ಹೋದರು. ನಾನೂ ಜೊತೆಗಿದ್ದೆ, ದೂರ ನಿಂತು ನೋಡಲು. ಮೊದಲ ತೋಟಾಕ್ಕೇ "ಟಕ್" ಅಂತ ಸಪ್ಪಳ ಬಂತು, ಅಷ್ಟೇ. ಕಾಕಾ ಪಿಸ್ತೂಲನ್ನು ತಮ್ಮ ಕಡೆ ತಿರುಗಿಸಿ ನೋಡಲು ಹೊರಟರು. ಅಲ್ಲಿದ್ದ ಉಸ್ತಾದರು ಒದರಿದ್ದು ನನಗೆ ಇನ್ನೂ ಕಿವಿಯಲ್ಲಿದೆ. "ಸಾವ್ಕಾರ್ರ, ಹಂಗ ಹಿಡ್ಕೊಂಡ ನಿಂದರ್ರಿ! ತಿರಗಸಬ್ಯಾಡ್ರಿ!" ಆಮೇಲೆ ಅವರು ಒಂದು, ಎರಡು ಅಂತ ಜೋರಾಗಿ ಮೂವತ್ತರ ತನಕ ಎಣಿಸಿದರು.

ಯಾಕೆ ಮೂವತ್ತು? ಅದು ಮಿಸ್‌ಫೈರೋ ಹ್ಯಾಂಗ್‌ಫೈರೋ ಆ ಕ್ಷಣಕ್ಕೆ ಯಾರಿಗೂ ಗೊತ್ತಿರುವುದಿಲ್ಲ. ಹ್ಯಾಂಗ್‌ಫೈರ್ ಅಂದರೆ ಗುಂಡು ಹಾರುತ್ತದೆ, ಆದರೆ ತಡವಾಗಿ. ಒಳಗಿನ ಮದ್ದು ನಿಧಾನ ಹೊತ್ತಿಕೊಳ್ಳುತ್ತಿರುತ್ತದೆ. ಈಗಿನ ತೋಟಾಗಳಲ್ಲಿ ಇದು ಅಪರೂಪ, ಆದರೂ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ಕಾಯುವುದು ರೂಢಿ. ಠುಸ್ ಆದ ಪಟಾಕಿಯ ಮೇಲೆ ಬಗ್ಗಿ ಊದಲು ಹೋಗಿ ಹುಬ್ಬು ಸುಟ್ಟುಕೊಂಡವರು ಪ್ರತಿ ಓಣಿಯಲ್ಲೂ ಒಬ್ಬರಿರುತ್ತಾರಲ್ಲ, ಅದೇ ಕತೆ. ಈ ಮನೆತನದಲ್ಲಿ ಮೂರನೆಯದೊಂದಿದೆ, ಸ್ಕ್ವಿಬ್ ಅಂತಾರೆ. ಅದರಲ್ಲಿ "ಢಂ" ಬದಲು "ಪುಸ್" ಅಂತ ಸಣ್ಣ ಸಪ್ಪಳ ಬರುತ್ತದೆ, ಗುಂಡು ನಳಿಗೆಯಲ್ಲೇ ಅರ್ಧ ದಾರಿಗೆ ಸಿಕ್ಕಿಕೊಂಡಿರುತ್ತದೆ. ಆಗ ಇನ್ನೊಂದು ಹೊಡೆದರೆ ನಳಿಗೆಯೇ ಒಡೆಯಬಹುದು. ಸಪ್ಪಳ ಬೇರೆ ಅನಿಸಿದರೆ ಅಲ್ಲಿಗೇ ನಿಲ್ಲಿಸಬೇಕು.

ಎಣಿಕೆ ಮುಗಿದ ಮೇಲೆ ಉಸ್ತಾದರು ಮ್ಯಾಗಜಿನ್ (ಹಿಡಿಕೆಯೊಳಗೆ ಕೂರುವ ತೋಟಾದ ಡಬ್ಬಿ) ತೆಗೆದು, ಸ್ಲೈಡು (ಪಿಸ್ತೂಲಿನ ಮೇಲೆ ಹಿಂದೆ ಮುಂದೆ ಜಾರುವ ಭಾಗ) ಎಳೆದು ಆ ತೋಟಾವನ್ನು ಹೊರಗೆ ತಂದು ಅಂಗೈ ಮೇಲಿಟ್ಟು ತೋರಿಸಿದರು. ಅಂದು ನಾನು ಕಲಿತದ್ದು ಅದನ್ನು ಓದುವುದು. ತೋಟಾದಲ್ಲಿ ನಾಲ್ಕು ಭಾಗ. ಹಿತ್ತಾಳೆಯ ಕೇಸು, ಅದರೊಳಗೆ ಮದ್ದು, ಮುಂದೆ ಗುಂಡು, ಹಿಂದೆ ತಳದ ನಡುವೆ ಒಂದು ಪುಟ್ಟ ಬಟನ್ನಿನಂಥ ಪ್ರೈಮರ್. (ನಾವು ಇಡೀ ತೋಟಾಕ್ಕೇ ಬುಲೆಟ್ ಅಂತೀವಿ, ಪೇಪರಿನವರು "ಜೀವಂತ ಗುಂಡು" ಅಂತಾರೆ, ಉಸಿರಾಡುತ್ತದೆ ಅನ್ನೋ ಹಾಗೆ.) ಟ್ರಿಗರ್ ಒತ್ತಿದಾಗ ಹ್ಯಾಮರ್ ಬಂದು ಫೈರಿಂಗ್ ಪಿನ್ನಿಗೆ ಹೊಡೆಯುತ್ತದೆ, ಪಿನ್ನು ಪ್ರೈಮರನ್ನು ಕುಟ್ಟುತ್ತದೆ, ಪ್ರೈಮರಿನ ಕಿಡಿ ಮದ್ದಿಗೆ ಹತ್ತುತ್ತದೆ. 1824ರಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಕಿತ್ತೂರಿಗೆ ದಂಡು ಕಟ್ಟಿಕೊಂಡು ಹೋದನಲ್ಲ, ಆ ಕಾಲದ ಬಂದೂಕಿಗೆ ಚಕಮಕಿ ಕಲ್ಲಿನ ಕಿಡಿಯೋ ಉರಿಯುವ ಬತ್ತಿಯೋ ಬೇಕಿತ್ತು. ಮಳೆ ಹನಿದರೆ ಮುಗೀತು. ಆ ಕಿಡಿಯ ಕೆಲಸವನ್ನೇ ಈಗ ಪ್ರೈಮರ್ ಮಾಡುತ್ತದೆ.

ಹಾರದ ತೋಟಾದ ಪ್ರೈಮರ್ ಮೇಲೆ ಪಿನ್ನು ಬಿದ್ದ ಗುರುತು ಇರುತ್ತದೆ. ಆ ಕುಳಿ ಆಳವಾಗಿ, ಸರಿಯಾಗಿ ಬಿದ್ದಿದ್ದರೆ ಪಿಸ್ತೂಲು ತನ್ನ ಕೆಲಸ ಮಾಡಿದೆ, ತಪ್ಪು ಬಹುಮಟ್ಟಿಗೆ ತೋಟಾದ್ದು. ಕುಳಿ ಮೇಲೆ ಮೇಲೆ ತಟ್ಟಿದ ಹಾಗಿದ್ದರೆ ಹೊಡೆತವೇ ಸೋತಿದೆ. ಸ್ಪ್ರಿಂಗ್ ದಣಿದಿರಬಹುದು, ಪಿನ್ನಿನ ದಾರಿಯಲ್ಲಿ ಕೊಳೆ ಇರಬಹುದು, ಸ್ಲೈಡು ಪೂರ್ತಿ ಮುಚ್ಚದೇ ಇದ್ದಿರಬಹುದು. ಕುಳಿಯೇ ಇಲ್ಲ ಅಂದರೆ ಪಿನ್ನು ಮುರಿದಿರಬಹುದು, ಇಲ್ಲವೇ ಮುಂದಕ್ಕೆ ಬರದೇ ಸಿಕ್ಕಿಬಿದ್ದಿರಬಹುದು. ಒಂದು ಸಾಸಿವೆಯಷ್ಟು ಗುರುತು ನೋಡಿ ಇಷ್ಟೆಲ್ಲ ಹೇಳಬಹುದು ಅಂತ ನನಗೆ ಅಲ್ಲಿತನಕ ಗೊತ್ತೇ ಇರಲಿಲ್ಲ.

ಕಾಕಾನ ತೋಟಾದ ಮೇಲೆ ಕುಳಿ ಬಹಳ ತೆಳು. "ಏನ್ ಎಣ್ಣಿ ಹಚ್ಚತೀರಿ?" ಅಂತ ಉಸ್ತಾದರು ಕೇಳಿದರು. ಕಾಕಾ ಹೆಮ್ಮೆಯಿಂದ "ಕೊಬ್ಬರಿ ಎಣ್ಣಿ, ಪ್ಯೂರ್ ಐತ್ರಿ" ಅಂದರು.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧಾರವಾಡದ ಕಡೆ ಚಳಿಗಾಲದ ಬೆಳಿಗ್ಗೆ ಬಚ್ಚಲುಮನೆಯ ಬಾಟ್ಲಿಯಲ್ಲಿ ಅದು ಮೇಣದ ಹಾಗೆ ನಿಂತಿರುತ್ತದೆ, ಅವ್ವ ಅದನ್ನು ಬಿಸಿನೀರಿನಲ್ಲಿ ಅದ್ದಿ ಕರಗಿಸುತ್ತಾಳೆ. ಪಿನ್ನಿನ ಸಣ್ಣ ದಾರಿಯೊಳಗೆ ಅದೇ ಮೇಣ, ಮೇಲೆ ಮೆಣಸಿನಕಾಯಿ ಧೂಳು. ಪಿನ್ನು ಓಡುವ ಬದಲು ತೆವಳುತ್ತದೆ. ಅಡುಗೆಮನೆಯ ಯಾವ ಎಣ್ಣೆಯೂ ಬೇಡ, ಗಾಳಿಗೆ ಅವು ಅಂಟಾಗುತ್ತವೆ. ಬಂದೂಕಿನ ಎಣ್ಣೆಯೇ ಬೇಕು, ಅದೂ ಹನಿ ಲೆಕ್ಕದಲ್ಲಿ. ಉಜ್ಜುವ ಜಾಗಗಳಿಗೆ ತೆಳ್ಳಗೆ ಹಚ್ಚಿ ಒರೆಸಿಬಿಡಬೇಕು. ಪಿನ್ನಿನ ದಾರಿ ಒಣಗಿದ್ದಷ್ಟೂ ಒಳ್ಳೆಯದು. ಜಾಸ್ತಿ ಎಣ್ಣೆ ಅಂದರೆ ಜಾಸ್ತಿ ಕಾಳಜಿ ಅಂತ ನಮ್ಮವರ ಲೆಕ್ಕ, ಆದರೆ ನವಲಗುಂದ, ಗದಗದ ಕಡೆ ಎರಿ ಮಣ್ಣಿನ ಧೂಳು ಎಣ್ಣೆ ಕಂಡಲ್ಲಿ ಅಂಟಿ ಕೂರುತ್ತದೆ.

ಇನ್ನು ಖಂಡೇಪೂಜೆ. ಹೇಳಿದರೆ ಕೆಲವರಿಗೆ ಸಿಟ್ಟು ಬರಬಹುದು. ನವರಾತ್ರಿಯಲ್ಲಿ ತಕ್ಕಡಿ, ಕತ್ತಿ, ಟ್ರ್ಯಾಕ್ಟರು ಎಲ್ಲದರ ಜೊತೆ ಪಿಸ್ತೂಲನ್ನೂ ಮಣೆ ಮೇಲಿಟ್ಟು ವಿಭೂತಿ, ಕುಂಕುಮ, ಹೂವು ಏರಿಸಿ, ಕಾಯಿ ಒಡೆದು ನೀರು ಚಿಮುಕಿಸುತ್ತೇವೆ. ಪೂಜೆ ಮಾಡಿ, ಯಾರು ಬೇಡ ಅಂದರು? ಆದರೆ ತೋಟಾ ಬೇರೆ ಕೋಣೆಯಲ್ಲಿರಲಿ, ಕುಂಕುಮ ಹಿಡಿಕೆಗೆ ಮಾತ್ರ ಹಚ್ಚಿ, ಅದೇ ಸಂಜೆ ಒರೆಸಿಡಿ. ಬನ್ನಿ ಕೊಟ್ಟು ಬಂದ ಮೇಲೆ ನೋಡಿದರಾಯ್ತು ಅಂತ ಬಿಟ್ಟರೆ ಕಾಯಿಯ ನೀರು ಬಿದ್ದಲ್ಲಿ ತುಕ್ಕಿನ ಚುಕ್ಕೆ ಎದ್ದಿರುತ್ತದೆ.

ತೋಟಾದ ಕಡೆಯ ತಪ್ಪುಗಳು ಬೇರೆ. ಪ್ರೈಮರಿಗೆ ದೊಡ್ಡ ವೈರಿ ಎಣ್ಣೆ. ತುಕ್ಕು ಬಿಡಿಸಲು ಸಿಂಪಡಿಸುವ ತೆಳು ಎಣ್ಣೆ ಸಂದಿಯಲ್ಲಿ ನುಗ್ಗುವುದಕ್ಕೇ ಇರುವುದು. ತುಂಬಿದ ಪಿಸ್ತೂಲಿಗೆ ಅದನ್ನು ಹೊಡೆದರೆ ಪ್ರೈಮರಿನ ಅಂಚಿನಿಂದ ಒಳಗೆ ಇಳಿದು ಅದನ್ನು ಸಾಯಿಸಬಹುದು. ತೋಟಾವನ್ನು ಒಣ ಕೈಯಿಂದ ಮುಟ್ಟಿ, ಒಣ ಬಟ್ಟೆಯಲ್ಲಿ ಒರೆಸಿ, ಅಷ್ಟು ಸಾಕು. ಚರ್ಮದ ಪಟ್ಟಿಯಲ್ಲಿ ತಿಂಗಳುಗಟ್ಟಲೆ ಸಿಕ್ಕಿಸಿಡಬೇಡಿ. ಹದ ಮಾಡಿದ ಚರ್ಮದಲ್ಲಿ ಉಳಿದ ಅಂಶಕ್ಕೆ ಹಿತ್ತಾಳೆ ಹಸಿರು ಕಿಲುಬು ಹಿಡಿಯುತ್ತದೆ, ತಾಮ್ರದ ಕೊಡ ತೊಳೆಯದೇ ಬಿಟ್ಟ ಹಾಗೆ. ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಂತೂ ಬೇಡವೇ ಬೇಡ.

ಇನ್ನೊಂದು ತಪ್ಪು ಶಿಸ್ತಿನ ಜನರೇ ಮಾಡುವುದು. ದಿನಾ ರಾತ್ರಿ ಪಿಸ್ತೂಲು ಖಾಲಿ ಮಾಡುತ್ತಾರೆ, ಬೆಳಿಗ್ಗೆ ಅದೇ ತೋಟಾವನ್ನು ಮ್ಯಾಗಜಿನ್ನಿನ ಮೇಲೆ ಇಟ್ಟು ಮತ್ತೆ ಚೇಂಬರಿಗೆ, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡಿಗೆ, ಹಾಕುತ್ತಾರೆ. ಪ್ರತಿ ಸಲ ಸ್ಲೈಡು ರಭಸದಿಂದ ಬಂದು ಅದನ್ನು ದೂಡುತ್ತದೆ, ಗುಂಡಿನ ಮೂತಿ ಬಡಿಯುತ್ತದೆ, ಹೀಗೆ ಬಡಿದು ಬಡಿದು ಗುಂಡು ಕೇಸಿನೊಳಗೆ ಸ್ವಲ್ಪ ಸ್ವಲ್ಪವೇ ಇಳಿಯುತ್ತದೆ, ಒಳಗಿನ ಜಾಗ ಕಡಿಮೆಯಾಗಿ ಹೊಡೆದಾಗ ಒತ್ತಡ ವಿಪರೀತ ಏರುತ್ತದೆ. ಪ್ರೈಮರಿನೊಳಗಿನ ಮಸಾಲೆಯೂ ಏಟಿಗೆ ಉದುರಿ ಸತ್ತುಹೋಗಬಹುದು. ಹಳೆಯದನ್ನೂ ಹೊಸದನ್ನೂ ಮೇಜಿನ ಮೇಲೆ ಪಕ್ಕಪಕ್ಕ ನಿಲ್ಲಿಸಿ ನೋಡಿ. ಗಿಡ್ಡ ಆಗಿದ್ದರೆ ಬದಿಗಿಡಿ.

ಎಲ್ಲ ಅಡಚಣೆಯೂ ಮಿಸ್‌ಫೈರ್ ಅಲ್ಲ ಅನ್ನುವುದನ್ನೂ ಇಲ್ಲೇ ಹೇಳಬೇಕು. ಒಂದು ಹಾರಿದ ಮೇಲೆ ಖಾಲಿ ಕೇಸು ಹೊರಗೆ ಬೀಳದೇ ಸಿಕ್ಕಿಕೊಂಡರೆ, ಇಲ್ಲವೇ ಮುಂದಿನ ತೋಟಾ ಮೇಲಕ್ಕೇ ಬರದಿದ್ದರೆ ಅದು ಜಾಮ್. .32ರಲ್ಲಿ ಒಂದು ವಿಶೇಷ ಜಾಮ್ ಉಂಟು. ಈ ತೋಟಾದ ತಳದ ಅಂಚು ಚೂರು ಹೊರಚಾಚಿರುತ್ತದೆ. ಮ್ಯಾಗಜಿನ್ ತುಂಬುವಾಗ ಮೇಲಿನ ತೋಟಾದ ಅಂಚು ಕೆಳಗಿನದರ ಅಂಚಿನ ಹಿಂದೆ ಹೋಗಿ ಕೂತರೆ ಎರಡೂ ಕೊಕ್ಕೆ ಹಾಕಿಕೊಂಡು ನಿಂತುಬಿಡುತ್ತವೆ. ತುಂಬುವಾಗ ಪ್ರತಿ ತೋಟಾವೂ ಕೆಳಗಿನದರ ಮುಂದೆ ಕೂತಿದೆಯಾ ಅಂತ ನೋಡಿಕೊಂಡರೆ ಮುಗೀತು.

ಒರೆಸಲು ಕೂರುವ ಮುಂಚೆ ಕ್ರಮ ತಪ್ಪಬಾರದು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಸ್ಲೈಡು ಎಳೆಯಬೇಕು. ಉಲ್ಟಾ ಮಾಡಿದರೆ ಒಂದು ತೋಟಾ ಹೊರಗೆ ಬಿದ್ದು, ಇನ್ನೊಂದು ಮ್ಯಾಗಜಿನ್ನಿನಿಂದ ಚೇಂಬರಿಗೆ ಹೋಗಿ ಕೂರುತ್ತದೆ. ಪೇಪರಿನ "ಮಿಸ್‌ಫೈರ್" ಹುಟ್ಟುವುದು ಇಂಥ ಜಾಗದಲ್ಲೇ. ಚೇಂಬರನ್ನು ಕಣ್ಣಲ್ಲಿ ನೋಡಿ, ಕಿರುಬೆರಳು ಹಾಕಿಯೂ ನೋಡಿ. ತೋಟಾಗಳನ್ನು ಆಚೆ ಕೋಣೆಗೆ ಕಳಿಸಿ. ಆಮೇಲೆ ಬ್ರಷ್ಷು, ಬಟ್ಟೆ ಚೂರು, ಎಣ್ಣೆ. ಇದನ್ನು ಉದ್ದ ವಿವರಿಸುವುದು ಬೇಡ, ಪಿಸ್ತೂಲಿನ ಜೊತೆ ಬಂದ ಪುಸ್ತಕದಲ್ಲಿ ಚಿತ್ರಸಮೇತ ಇರುತ್ತದೆ. ಸ್ಪ್ರಿಂಗೋ ಪಿನ್ನೋ ಬದಲಿಸಬೇಕೆಂದರೆ ಮಾತ್ರ ಪರಿಚಯದ ಫಿಟ್ಟರ್ ಹತ್ತಿರ ಹೋಗಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ರಿಪೇರಿ ಮಾಡುವವರಿಗೂ ಪರವಾನಗಿ ಇರಬೇಕು.

ನಮ್ಮ ಕಡೆಯ ಪಿಸ್ತೂಲುಗಳಿಗೆ ಇನ್ನೊಂದು ಕಂಟಕ ಚುನಾವಣೆ. ನೀತಿ ಸಂಹಿತೆ ಬಂದರೆ ಸಾಮಾನ್ಯವಾಗಿ ಠಾಣೆಗೆ ಒಪ್ಪಿಸಬೇಕಾಗುತ್ತದೆ. 2024ರ ಲೋಕಸಭೆಗೆ ನೀತಿ ಸಂಹಿತೆ ಮಾರ್ಚ್ 16ಕ್ಕೆ ಬಂತು, ಫಲಿತಾಂಶ ಜೂನ್ 4ಕ್ಕೆ, ಅಷ್ಟರಲ್ಲಿ ಮಳೆ ಶುರು. ಕಾಕಾ ಹಿಂದೊಮ್ಮೆ ಚರ್ಮದ ಚೀಲದ ಸಮೇತ ಕೊಟ್ಟಿದ್ದರು, ವಾಪಸ್ ಬಂದಾಗ ಸ್ಲೈಡಿನ ಮೇಲೆ ಬೆರಳಿನ ಗುರುತಿನ ಆಕಾರದಲ್ಲೇ ತುಕ್ಕು ಬಂದಿತ್ತು. ಬೆವರಿನ ಉಪ್ಪಿನ ಕೆಲಸ ಅದು. ಈಗ ಕೊಡುವ ಮುಂಚೆ ನಳಿಗೆಗೂ ಹೊರಮೈಗೂ ತೆಳ್ಳಗೆ ಎಣ್ಣೆ ಹಚ್ಚಿ, ಎಣ್ಣೆ ಸವರಿದ ಹತ್ತಿ ಬಟ್ಟೆಯಲ್ಲಿ ಸುತ್ತಿ ಕೊಡುತ್ತಾರೆ. ತಂದ ದಿನವೇ ಬಿಚ್ಚಿ, ಆ ಎಣ್ಣೆ ಒರೆಸಿ, ಆಮೇಲೇ ತೋಟಾ ತುಂಬುತ್ತಾರೆ.

ಆ ಡಿಸೆಂಬರಿನ ತೋಟಾ ಏನಾಯ್ತು ಅಂತ ಕೇಳಬಹುದು. ಒಮ್ಮೆ ಕುಟ್ಟಿಸಿಕೊಂಡ ತೋಟಾವನ್ನು ಮತ್ತೆ ಜೇಬಿಗೆ ಹಾಕಿಕೊಳ್ಳಬಾರದು, ಕಸಕ್ಕೂ ಹಾಕಬಾರದು, ಒಲೆಗಂತೂ ಅಲ್ಲವೇ ಅಲ್ಲ. ಮನೆಗೆ ಬಂದು ಕಾಕಾ ತಿಜೋರಿಯಲ್ಲಿದ್ದ ಹಳೇ ಡಬ್ಬಿಯನ್ನೂ ಸುರಿದರು. ಆರು ತೋಟಾ ಹಸಿರು ಹಿಡಿದಿದ್ದವು, ಎರಡು ಗಿಡ್ಡ ಆಗಿದ್ದವು. ಎಲ್ಲವನ್ನೂ ಪರವಾನಗಿ ಪುಸ್ತಕದ ಜೊತೆ ತೋಟಾ ಮಾರುವ ಅಧಿಕೃತ ಅಂಗಡಿಗೆ ಒಯ್ದು ಕೊಟ್ಟು, ಲೆಕ್ಕ ಬರೆಸಿಕೊಂಡು ಬಂದರು. ಕೊಬ್ಬರಿ ಎಣ್ಣೆ ಬಾಟ್ಲಿ ಬಚ್ಚಲುಮನೆಗೆ ವಾಪಸ್ ಹೋಯ್ತು.