ಮೊದಲ ದೊಡ್ಡ ಬೈಕ್ ಕೊಳ್ಳುತ್ತಿದ್ದೇನೆ: ದಿನದ ಓಡಾಟಕ್ಕೆ ಎಷ್ಟು ಸಿಸಿ ಸಾಕು, ವಿಮೆ ಎಷ್ಟು ಬೀಳುತ್ತದೆ?

ಪ್ರಶ್ನೆ: ಎಂಟು ವರ್ಷಗಳಿಂದ 110 ಸಿಸಿ ಸ್ಕೂಟರ್ ಓಡಿಸುತ್ತಿದ್ದೇನೆ. ಬನಶಂಕರಿಯಿಂದ ಮಾರತಹಳ್ಳಿಯ ಕಚೇರಿಗೆ ವಾರದಲ್ಲಿ 5 ದಿನ ಹೋಗಿಬರಬೇಕು. ಈಗ ದೊಡ್ಡ ಬೈಕ್ ಕೊಳ್ಳುವ ಆಸೆಯಾಗಿದೆ. 350 ಸಿಸಿ ಸಾಕೇ, ಇಲ್ಲವೇ 400ಕ್ಕೋ 650ಕ್ಕೋ ಹೋಗಲೇ? ಸಿಸಿ ಏರಿದಂತೆ ವಿಮೆಯ ಕಂತು ಕೈಗೆಟುಕದಷ್ಟು ಏರುತ್ತದೆ ಎಂದು ಸ್ನೇಹಿತರು ಹೆದರಿಸುತ್ತಿದ್ದಾರೆ, ಇದು ನಿಜವೇ?

ಉತ್ತರ: ನೀವು ಹೇಳಿದ ದಾರಿಗೆ 350 ಸಿಸಿ ಮೀರದ, 180 ಕೆ.ಜಿ. ಆಸುಪಾಸಿನ ಬೈಕ್ ಸಾಕು ಎಂಬುದು ನನ್ನ ಅಭಿಪ್ರಾಯ. ಆದರೆ ಅದಕ್ಕೆ ಕಾರಣ ನಿಮ್ಮ ಸ್ನೇಹಿತರು ಹೇಳುವ ವಿಮೆಯಲ್ಲ. ವಿಮೆಯಲ್ಲಿ ವ್ಯತ್ಯಾಸವಿರುವುದು ನಿಜವಾದರೂ ಅದು ಹೆದರುವಷ್ಟು ದೊಡ್ಡದಲ್ಲ. ನಿಜವಾದ ಹೊರೆ ಬೀಳುವುದು ತೆರಿಗೆಯಲ್ಲಿ ಮತ್ತು ಸಿಗ್ನಲ್‌ಗಳಲ್ಲಿ ನಿಮ್ಮ ಎಡಗೈಯ ಮೇಲೆ.

ಮೊದಲು ವಿಮೆಯ ಲೆಕ್ಕವನ್ನೇ ನೋಡೋಣ. ಬೈಕ್‌ನ ಪಾಲಿಸಿಯಲ್ಲಿ ಮುಖ್ಯವಾಗಿ ಎರಡು ಭಾಗಗಳಿರುತ್ತವೆ. ನಿಮ್ಮ ವಾಹನದಿಂದ ಬೇರೆಯವರಿಗೆ ಆಗುವ ಹಾನಿಯನ್ನು ತುಂಬಿಕೊಡುವ ಥರ್ಡ್ ಪಾರ್ಟಿ ವಿಮೆ ಕಾನೂನಿನ ಪ್ರಕಾರ ಕಡ್ಡಾಯವಾದದ್ದು, ಮತ್ತು ಅದರ ದರವನ್ನು ನಿಗದಿಪಡಿಸುವುದು ವಿಮಾ ಕಂಪನಿಯಲ್ಲ, ಕೇಂದ್ರ ಸರ್ಕಾರ. ಆದ್ದರಿಂದ ಯಾವ ಕಂಪನಿಯಲ್ಲಿ ಕೊಂಡರೂ ಈ ಭಾಗದ ಮೊತ್ತ ಒಂದೇ. 2022ರ ಜೂನ್ 1ರಂದು ಜಾರಿಗೆ ಬಂದ ಪಟ್ಟಿಯ ಪ್ರಕಾರ ವರ್ಷಕ್ಕೆ 75ರಿಂದ 150 ಸಿಸಿವರೆಗಿನ ವಾಹನಕ್ಕೆ 714 ರೂಪಾಯಿ, 150ರಿಂದ 350ರವರೆಗೆ 1,366 ರೂಪಾಯಿ, 350 ದಾಟಿದರೆ 2,804 ರೂಪಾಯಿ. ಅಂದರೆ 349 ಸಿಸಿಗೂ 398 ಸಿಸಿಗೂ ನಡುವಿನ ಅಂತರ ವರ್ಷಕ್ಕೆ 1,438 ರೂಪಾಯಿ. ಅದರ ಮೇಲಿನ 18% ಜಿಎಸ್‌ಟಿ ಸೇರಿಸಿದರೂ ದಿನಕ್ಕೆ 5 ರೂಪಾಯಿ ದಾಟುವುದಿಲ್ಲ. 350ರ ಗೆರೆಯನ್ನು ದಾಟಿದ ಮೇಲೆ 400 ಸಿಸಿಗೂ 650 ಸಿಸಿಗೂ ಥರ್ಡ್ ಪಾರ್ಟಿ ದರದಲ್ಲಿ ಯಾವ ವ್ಯತ್ಯಾಸವೂ ಇಲ್ಲ.

ಹಾಗಿದ್ದರೆ ಶೋರೂಂನಲ್ಲಿ ಕೊಡುವ ಚೀಟಿಯಲ್ಲಿ ವಿಮೆಯ ಮೊತ್ತ ಅಷ್ಟು ದಪ್ಪವಾಗಿ ಕಾಣುವುದೇಕೆ ಎಂದು ನೀವು ಕೇಳಬಹುದು. ಸುಪ್ರೀಂ ಕೋರ್ಟಿನ ಆದೇಶದಂತೆ 2018ರ ಸೆಪ್ಟೆಂಬರ್‌ನಿಂದ ಹೊಸ ದ್ವಿಚಕ್ರ ವಾಹನಕ್ಕೆ 5 ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಮ್ಮೆಲೇ ಕಟ್ಟಬೇಕಾಗಿದೆ. ಮೇಲೆ ಹೇಳಿದ ಪಟ್ಟಿಯಲ್ಲೇ ಈ ಮೊತ್ತ 150ರಿಂದ 350 ಸಿಸಿವರೆಗೆ 7,365 ರೂಪಾಯಿ, ಅದಕ್ಕಿಂತ ಮೇಲ್ಪಟ್ಟದ್ದಕ್ಕೆ 15,117 ರೂಪಾಯಿ. ಐದು ವರ್ಷದ ಹಣ ಒಂದೇ ದಿನ ಕೈಬಿಟ್ಟುಹೋಗುವುದರಿಂದ ನಿಮ್ಮ ಸ್ನೇಹಿತರು ಬೆಚ್ಚಿದ್ದರೆ ಅದು ಅರ್ಥವಾಗುವ ಸಂಗತಿ.

ಎರಡನೆಯ ಭಾಗ ಓನ್ ಡ್ಯಾಮೇಜ್, ಅಂದರೆ ನಿಮ್ಮ ಬೈಕ್‌ಗೇ ಆಗುವ ಹಾನಿ ಮತ್ತು ಕಳವಿನ ವಿಮೆ. ಇದರ ಬೆಲೆಯನ್ನು ಕಂಪನಿಗಳೇ ನಿರ್ಧರಿಸುತ್ತವೆ, ಆದ್ದರಿಂದ ಚೌಕಾಸಿಗೆ ಜಾಗವಿರುವುದು ಇಲ್ಲಿಯೇ. ಇದು ಸಿಸಿಗಿಂತ ಹೆಚ್ಚಾಗಿ ವಾಹನದ ವಿಮಾ ಮೌಲ್ಯವನ್ನು, ಅಂದರೆ ಎಲ್ಲರೂ ಐಡಿವಿ ಎನ್ನುವುದನ್ನು ಅವಲಂಬಿಸಿದೆ. ಐಡಿವಿ ಹೊಸದರಲ್ಲಿ ಶೋರೂಂ ಬೆಲೆಗಿಂತ 5% ಕಡಿಮೆಯಿರುತ್ತದೆ, ಎರಡನೇ ವರ್ಷ ಮುಗಿಯುವ ವೇಳೆಗೆ 20%, ಐದನೇ ವರ್ಷ ಮುಗಿಯುವ ವೇಳೆಗೆ 50% ಇಳಿದಿರುತ್ತದೆ. ಈ ಭಾಗದ ದರಗಳೂ ಎಲ್ಲ ಕಂಪನಿಗಳಿಗೆ ಒಂದೇ ಎಂದು ನಿಗದಿಯಾಗಿದ್ದ ಕಾಲದ ಪಟ್ಟಿಯಲ್ಲಿ ಬೆಂಗಳೂರಿನಂಥ ಎ ವಲಯದ ನಗರಗಳಲ್ಲಿ ಹೊಸ ಬೈಕ್‌ಗೆ 350 ಸಿಸಿವರೆಗೆ ಐಡಿವಿಯ 1.793%, ಅದರ ಮೇಲೆ 1.879% ಎಂದಿತ್ತು, ಮೈಸೂರು, ಹುಬ್ಬಳ್ಳಿ, ಮಂಗಳೂರುಗಳು ಸೇರುವ ಬಿ ವಲಯದಲ್ಲಿ ಇನ್ನೂ ತುಸು ಕಡಿಮೆ. ಇಂದಿನ ಕಂಪನಿಗಳು ಇದರ ಮೇಲೆ ತಮ್ಮ ತಮ್ಮ ರಿಯಾಯಿತಿಗಳನ್ನು ಕೊಡುತ್ತವಾದರೂ, ಇಂಜಿನ್ನಿನ ಗಾತ್ರಕ್ಕೆ ಇಲ್ಲಿ ಎಷ್ಟು ಸಣ್ಣ ಪಾತ್ರವಿದೆ ಎಂಬುದು ಆ ಎರಡು ಅಂಕಿಗಳಿಂದಲೇ ತಿಳಿಯುತ್ತದೆ.

ಈಗ ತೆರಿಗೆಗೆ ಬರೋಣ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿವರೆಗಿನ ಬೈಕ್‌ಗಳ ಜಿಎಸ್‌ಟಿ 28%ರಿಂದ 18%ಕ್ಕೆ ಇಳಿಯಿತು, ಅದಕ್ಕಿಂತ ದೊಡ್ಡವುಗಳಿಗೆ ಸೆಸ್ ಸೇರಿ 31% ಇದ್ದದ್ದು 40%ಕ್ಕೆ ಏರಿತು. ತೆರಿಗೆಗೆ ಮುಂಚಿನ ಬೆಲೆ 2 ಲಕ್ಷ ರೂಪಾಯಿ ಇರುವ ಎರಡು ಬೈಕ್‌ಗಳನ್ನು ಊಹಿಸಿಕೊಂಡರೆ, ಗೆರೆಯ ಈಚೆಯದು 2.36 ಲಕ್ಷಕ್ಕೂ ಆಚೆಯದು 2.80 ಲಕ್ಷಕ್ಕೂ ನಿಲ್ಲುತ್ತದೆ. ಒಂದು ಲಕ್ಷಕ್ಕಿಂತ ಹೆಚ್ಚು ಬೆಲೆಯ ದ್ವಿಚಕ್ರ ವಾಹನಕ್ಕೆ ಕರ್ನಾಟಕದಲ್ಲಿ 18% ಜೀವಿತಾವಧಿ ತೆರಿಗೆ ಇರುವುದರಿಂದ ಬೆಲೆ ಏರಿದಂತೆ ಅದೂ ಏರುತ್ತದೆ, ಬೆಲೆಯ ಜೊತೆ ಐಡಿವಿ ಏರುತ್ತದೆ, ಐಡಿವಿಯ ಜೊತೆ ಓನ್ ಡ್ಯಾಮೇಜ್ ಕಂತೂ ಏರುತ್ತದೆ. ವಿಮೆ ದುಬಾರಿ ಎಂಬ ಮಾತಿನ ಹಿಂದಿರುವುದು ಬಹುಮಟ್ಟಿಗೆ ಈ ಸರಪಳಿ. ಆದರೂ ಬೇರೆ ಬೇರೆ ಬೈಕ್‌ಗಳನ್ನು ಹೋಲಿಸುವಾಗ ತೆರಿಗೆಯ ಶೇಕಡಾವಾರನ್ನಲ್ಲ, ನಿಮ್ಮ ಆರ್‌ಟಿಒ ವ್ಯಾಪ್ತಿಯ ಆನ್ ರೋಡ್ ಬೆಲೆಯನ್ನೇ ಎದುರಿಗಿಟ್ಟುಕೊಳ್ಳಿ.

ಹಣದ ಮಾತು ಹೀಗಾಯಿತು. ಓಡಿಸುವ ಮಾತು ಇನ್ನೂ ಮುಖ್ಯ. ನಿಮ್ಮ ಸ್ಕೂಟರ್‌ನ ತೂಕ ಹೆಚ್ಚೆಂದರೆ 105-110 ಕೆ.ಜಿ. ಇರಬಹುದು. ರಾಯಲ್ ಎನ್‌ಫೀಲ್ಡ್ ಹಂಟರ್ 350 ಮತ್ತು ಹೋಂಡಾ ಹೈನೆಸ್ ಸಿಬಿ350 ಎರಡೂ 181 ಕೆ.ಜಿ., ಕ್ಲಾಸಿಕ್ 350 ಎಂದರೆ 195 ಕೆ.ಜಿ., ಇಂಟರ್‌ಸೆಪ್ಟರ್ 650 ಇನ್ನೂರನ್ನು ಸಲೀಸಾಗಿ ದಾಟುತ್ತದೆ. ಓಡುತ್ತಿರುವಾಗ ಈ ತೂಕ ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಸಿಲ್ಕ್ ಬೋರ್ಡ್ ಜಂಕ್ಷನ್‌ನಲ್ಲಿ ಅಡಿ ಅಡಿಯಾಗಿ ಮುಂದೆ ಸರಿಯುವಾಗ, ಕಚೇರಿಯ ನೆಲಮಾಳಿಗೆಯ ಇಳಿಜಾರಿನಿಂದ ಬೈಕನ್ನು ಹಿಂದಕ್ಕೆ ಎಳೆಯುವಾಗ, ಮಳೆಯಲ್ಲಿ ಕೆಸರಿನ ಮೇಲೆ ಒಂದು ಕಾಲೂರಿ ನಿಂತಾಗ. ಸ್ಕೂಟರ್‌ನಿಂದ ಬರುವವರಿಗೆ ಕ್ಲಚ್ಚೂ ಹೊಸದು, ಆದ್ದರಿಂದ ಮೊದಲ ತಿಂಗಳು ಎಡಗೈಯ ಮಣಿಕಟ್ಟು ನೋಯುವುದು ಸಹಜ.

ಸಿಸಿ ಹೆಚ್ಚಿದಷ್ಟೂ ತೂಕ ಹೆಚ್ಚುತ್ತದೆ ಎಂಬ ನಿಯಮವೇನೂ ಇಲ್ಲ. ಟ್ರಯಂಫ್ ಸ್ಪೀಡ್ 400 ಬೈಕ್ 398 ಸಿಸಿಯದ್ದಾದರೂ 180 ಕೆ.ಜಿ.ಯೊಳಗೇ ಇದೆ. ವ್ಯತ್ಯಾಸವಿರುವುದು ಇಂಜಿನ್ನಿನ ಸ್ವಭಾವದಲ್ಲಿ. ಎನ್‌ಫೀಲ್ಡ್‌ನ 349 ಸಿಸಿ ಇಂಜಿನ್ ತನ್ನ 27 ನ್ಯೂಟನ್ ಮೀಟರ್ ಟಾರ್ಕನ್ನು, ಅಂದರೆ ಎಳೆಯುವ ಬಲವನ್ನು, 4,000 ಆರ್‌ಪಿಎಂನಲ್ಲೇ (ಇಂಜಿನ್ ನಿಮಿಷಕ್ಕೆ ಅಷ್ಟು ಸುತ್ತು ತಿರುಗುವಾಗಲೇ) ಕೊಟ್ಟುಬಿಡುತ್ತದೆ. ಸ್ಪೀಡ್ 400 ತನ್ನ 37.5 ನ್ಯೂಟನ್ ಮೀಟರನ್ನು ಪೂರ್ತಿಯಾಗಿ ಕೊಡುವುದು 6,500ರಲ್ಲಿ. ಎರಡನೆಯದರ ಶಕ್ತಿ ಹೆಚ್ಚು ಎಂಬುದರಲ್ಲಿ ಸಂಶಯವಿಲ್ಲ, ತುಮಕೂರು ಹೆದ್ದಾರಿಗೆ ಬಂದರೆ ಮೊದಲನೆಯದು ಅದರ ಹತ್ತಿರವೂ ಸುಳಿಯದು. ಆದರೆ ಗಂಟೆಗೆ 20-30 ಕಿ.ಮೀ. ವೇಗದಲ್ಲಿ ನಿಂತು ನಿಂತು ಸಾಗುವ ಹೊರವರ್ತುಲ ರಸ್ತೆಯಲ್ಲಿ ನಿಮಗೆ ಸಿಗುವುದು ಕೆಳಗಿನ ಆರ್‌ಪಿಎಂಗಳ ಎಳೆತ ಮಾತ್ರ, ಮತ್ತು ಅಲ್ಲಿ ನಿಧಾನಕ್ಕೆ ಗುಡುಗುಡಿಸುವ 350 ಮೂರನೇ ಗೇರಿನಲ್ಲಿ ತಕರಾರಿಲ್ಲದೆ ನಡೆಯುತ್ತದೆ. ಪ್ರತಿ ಶನಿವಾರ ಸಕಲೇಶಪುರಕ್ಕೋ ಚಿಕ್ಕಮಗಳೂರಿಗೋ ಹೊರಡುವವರು ನೀವಾಗಿದ್ದರೆ ನಾನು 400ರ ಪರ ವಾದಿಸುತ್ತಿದ್ದೆ. ನೀವು ಬರೆದಿರುವುದು ಮಾರತಹಳ್ಳಿಯ ಬಗ್ಗೆ. ಮೈಸೂರಿನ ಯಾದವಗಿರಿಯಲ್ಲಿ ಜಾವಾ, ಯೆಜ್ಡಿಗಳು ತಯಾರಾಗುತ್ತಿದ್ದ ಕಾಲದಲ್ಲಿ 250 ಸಿಸಿಯನ್ನೇ ಊರೆಲ್ಲ ದೊಡ್ಡ ಗಾಡಿ ಎನ್ನುತ್ತಿತ್ತು ಎಂಬುದನ್ನೂ ನೆನಪಿಸಬೇಕೆನಿಸುತ್ತದೆ.

ಟೆಸ್ಟ್ ರೈಡ್‌ಗೆ ಬೆಳಗಿನ ಖಾಲಿ ರಸ್ತೆ ಬೇಡ, ಸಂಜೆ 6 ಗಂಟೆಗೆ ಕೇಳಿ. ಎರಡೂ ಪಾದ ನೆಲಕ್ಕೆ ಊರುತ್ತವೆಯೇ, ಅರ್ಧ ಗಂಟೆಯ ನಂತರ ಇಂಜಿನ್ನಿನ ಬಿಸಿ ಮೊಣಕಾಲಿಗೆ ತಾಗುತ್ತದೆಯೇ, ಇಂಜಿನ್ ಆಫ್ ಮಾಡಿ ಬೈಕನ್ನು ಒಬ್ಬರೇ ಹಿಂದಕ್ಕೆ ತಳ್ಳಬಲ್ಲಿರೇ ಎಂಬುದನ್ನು ನೋಡಿ. ಎರಡೂ ಚಕ್ರಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಮಾದರಿಯನ್ನೇ ಆರಿಸಿ; ಇದರಲ್ಲಿ ಉಳಿತಾಯ ಬೇಡ. ಪರವಾನಗಿಯ ಚಿಂತೆಯಿಲ್ಲ, ಗೇರ್ ಇರುವ ಮೋಟಾರ್ ಸೈಕಲ್‌ನ ಲೈಸೆನ್ಸ್ ಒಂದಿದ್ದರೆ ನಮ್ಮ ದೇಶದಲ್ಲಿ ಯಾವ ಸಿಸಿಯ ಬೈಕನ್ನಾದರೂ ಓಡಿಸಬಹುದು. ಆದರೆ ನಿಮ್ಮ ಲೈಸೆನ್ಸ್ ಗೇರ್ ಇಲ್ಲದ ಸ್ಕೂಟರ್‌ಗೆ ಮಾತ್ರ ಆಗಿದ್ದರೆ ಬೈಕ್ ಮನೆಗೆ ಬರುವ ಮೊದಲೇ ಅದನ್ನು ಸರಿಪಡಿಸಿಕೊಳ್ಳಿ, ಏಕೆಂದರೆ ತಕ್ಕ ಲೈಸೆನ್ಸ್ ಇಲ್ಲದೆ ಅಪಘಾತವಾದರೆ ವಿಮಾ ಕಂಪನಿ ನಿಮ್ಮ ಬೈಕ್‌ನ ಕ್ಲೇಮ್ ತಳ್ಳಿಹಾಕಬಹುದು.

ವಿಮೆಯ ಖರ್ಚು ತಗ್ಗಿಸಲು ನಿಮ್ಮ ಕೈಯಲ್ಲಿರುವ ಅತ್ಯುತ್ತಮ ಸಾಧನ ಆ ಹಳೆಯ ಸ್ಕೂಟರ್. ಅದಕ್ಕೆ ಓನ್ ಡ್ಯಾಮೇಜ್ ವಿಮೆಯನ್ನೂ ತಪ್ಪದೆ ಕಟ್ಟುತ್ತ ಬಂದಿದ್ದು ಸತತ ಐದು ವರ್ಷ ಕ್ಲೇಮ್ ಮಾಡಿರದಿದ್ದರೆ ನಿಮಗೆ 50% ನೋ ಕ್ಲೇಮ್ ಬೋನಸ್, ಅಂದರೆ ಓನ್ ಡ್ಯಾಮೇಜ್ ಕಂತಿನಲ್ಲಿ ಅಷ್ಟು ರಿಯಾಯಿತಿ, ಸಿಕ್ಕಿರುತ್ತದೆ. ಈ ಬೋನಸ್ ಸೇರುವುದು ವಾಹನಕ್ಕಲ್ಲ, ಮಾಲೀಕರಿಗೆ. ಆದ್ದರಿಂದ ಸ್ಕೂಟರ್ ಮಾರಿದಾಗ ಅದನ್ನು ಹೊಸ ಬೈಕ್‌ನ ಓನ್ ಡ್ಯಾಮೇಜ್ ಕಂತಿಗೆ ವರ್ಗಾಯಿಸಿಕೊಳ್ಳಬಹುದು. ಆ ಕಂತು 3,500 ರೂಪಾಯಿ ಇದ್ದರೆ 1,750 ರೂಪಾಯಿ ಉಳಿಯುತ್ತದೆ, ಅಂದರೆ 350 ಸಿಸಿ ದಾಟಿದ್ದಕ್ಕೆ ಥರ್ಡ್ ಪಾರ್ಟಿಯಲ್ಲಿ ಒಂದು ವರ್ಷಕ್ಕೆ ತೆರಬೇಕಾದ ಹೆಚ್ಚುವರಿಗಿಂತಲೂ ಜಾಸ್ತಿ. ಸ್ಕೂಟರ್ ಹಳೆಯದಾಯಿತೆಂದು ಬರೀ ಥರ್ಡ್ ಪಾರ್ಟಿ ಮಾತ್ರ ಕಟ್ಟಿಕೊಂಡು ಬಂದಿದ್ದರೆ ಈ ಸೌಲಭ್ಯ ಸಿಗುವುದಿಲ್ಲ.

ಶೋರೂಂನವರು ತೋರಿಸುವ ಪಾಲಿಸಿಯನ್ನೇ ಕೊಳ್ಳಬೇಕೆಂಬ ನಿಯಮವಿಲ್ಲ; ಅದೇ ಐಡಿವಿಗೆ ಬೇರೆ ಎರಡು ಮೂರು ಕಂಪನಿಗಳ ದರ ಕೇಳಿಕೊಂಡು ಹೋಗಿ. ಕಂತು ಕಡಿಮೆ ಕಾಣಲೆಂದು ಐಡಿವಿಯನ್ನೇ ಇಳಿಸಿದ್ದಾರೆಯೇ ಎಂಬುದನ್ನು ಗಮನಿಸಿ, ಏಕೆಂದರೆ ಬೈಕ್ ಕಳವಾದರೆ ಕೈಗೆ ಬರುವುದು ಅಷ್ಟೇ ಹಣ. 15 ಲಕ್ಷ ರೂಪಾಯಿಯ ವೈಯಕ್ತಿಕ ಅಪಘಾತ ವಿಮೆ ನಿಮ್ಮ ಹೆಸರಿನಲ್ಲಿ ಈಗಾಗಲೇ ಇದ್ದರೆ ಅದನ್ನು ಎರಡನೇ ಬಾರಿ ಕೊಳ್ಳಬೇಕಾಗಿಲ್ಲ. ಹೆಚ್ಚುವರಿ ಸೌಲಭ್ಯಗಳಲ್ಲಿ ಮೊದಲ ಎರಡು ಮೂರು ವರ್ಷ ಝೀರೋ ಡಿಪ್ರಿಸಿಯೇಷನ್ (ಬಿಡಿಭಾಗಗಳ ಸವಕಳಿ ಕಳೆಯದೆ ಹಣ ಕೊಡುವ ಸೌಲಭ್ಯ) ಇರಲಿ, ಅದಿಲ್ಲದಿದ್ದರೆ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳ ಬೆಲೆಯಲ್ಲಿ ಅರ್ಧ ನಿಮ್ಮ ತಲೆಗೇ ಬರುತ್ತದೆ. ಅಂಡರ್‌ಪಾಸ್‌ಗಳು ಕೆರೆಯಾಗುವ ಊರಿನಲ್ಲಿ ಇಂಜಿನ್ ರಕ್ಷಣೆಯ ಸೌಲಭ್ಯಕ್ಕೂ ಅರ್ಥವಿದೆ: ನೀರಿನಲ್ಲಿ ನಿಂತುಹೋದ ಬೈಕನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಿ ಇಂಜಿನ್ ಕೆಟ್ಟರೆ ಸಾಮಾನ್ಯ ಪಾಲಿಸಿ ಅದನ್ನು ತುಂಬಿಕೊಡುವುದಿಲ್ಲ. ಜೋರು ಸದ್ದಿನ ಸೈಲೆನ್ಸರ್ ಹಾಕಿಸುವ ಆಲೋಚನೆಯಿದ್ದರೆ ಬಿಡಿ. ದಂಡವಂತೂ ಇದ್ದೇ ಇದೆ, ಕಂಪನಿಗೆ ತಿಳಿಸದೆ ಮಾಡಿದ ಮಾರ್ಪಾಡು ಕ್ಲೇಮ್ ಹೊತ್ತಿನಲ್ಲಿ ತಕರಾರಿಗೂ ದಾರಿಯಾಗುತ್ತದೆ.

ಇನ್ನು ಸ್ಕೂಟರನ್ನು ಶೋರೂಂನಲ್ಲೇ ವಿನಿಮಯಕ್ಕೆ ಕೊಡುವುದಾದರೆ, ಕೀಲಿಯ ಜೊತೆ ಕಾಗದಗಳನ್ನೆಲ್ಲ ಒಪ್ಪಿಸಿ ಮರೆತುಬಿಡಬೇಡಿ. ಮಾಲೀಕತ್ವ ವರ್ಗಾವಣೆಯ ದಾಖಲೆಯ ಪ್ರತಿಯನ್ನು ಹಳೆಯ ವಿಮಾ ಕಂಪನಿಗೆ ಕಳುಹಿಸಿ ಬೋನಸ್ ಉಳಿಸಿಕೊಂಡಿದ್ದಕ್ಕೆ ಪತ್ರ ಪಡೆಯಿರಿ. ಅದು 3 ವರ್ಷ ಚಾಲ್ತಿಯಲ್ಲಿರುತ್ತದೆ. ಹೊಸ ಬೈಕ್‌ನ ಪಾಲಿಸಿ ಬರೆಯುವ ಮುನ್ನ ತೋರಿಸಿದರೆ ರಿಯಾಯಿತಿ ಮೊದಲ ಕಂತಿನಲ್ಲೇ ಸಿಗುತ್ತದೆ.