ನೀಲಿ ಪಿಸ್ಟ್ (ಗುರುತು ಹಾಕಿದ ಸ್ಕೀ ದಾರಿ) ಅಂದ್ರೆ ಹೊಸಬರೂ ಧೈರ್ಯವಾಗಿ ಇಳಿಯಬಹುದಾ?

ಓದುಗರ ಪ್ರಶ್ನೆ: ಡಿಸೆಂಬರ್‌ನಲ್ಲಿ ಸ್ವಿಟ್ಜರ್ಲೆಂಡ್‌ನ ಝರ್ಮಾಟ್‌ಗೆ ಹೋಗುತ್ತಿದ್ದೇವೆ. ಎರಡು ದಿನ ಸ್ಕೀ ಕ್ಲಾಸಿಗೆ ಸೇರಿ, ಮೂರನೇ ದಿನ ಲಿಫ್ಟ್‌ನಲ್ಲಿ (ಹಗ್ಗಕ್ಕೆ ತೂಗುವ ಪೆಟ್ಟಿಗೆ ಅಥವಾ ಕುರ್ಚಿಯಲ್ಲಿ) ಬೆಟ್ಟದ ಮೇಲೆ ಹೋಗಿ ಊರಿನವರೆಗೂ ಜಾರಿಕೊಂಡು ಬರಬಹುದಾ? ನೀಲಿ ಅಂದ್ರೆ ಸುಲಭ ಅಲ್ವಾ?

ಮೇಲೆ ಹೋಗಿ, ಜಾರಿ. ಊರಿಗೆ ವಾಪಸ್ ಬರೋದು ಮಾತ್ರ ಲಿಫ್ಟ್‌ನಲ್ಲೋ ರೈಲಿನಲ್ಲೋ ಇರಲಿ. ಲಿಫ್ಟ್ ಇರುವುದು ಹತ್ತೋಕೆ ಮಾತ್ರ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇಳಿಯೋಕೂ ಅದನ್ನೇ ಹಿಡಿಯಬಹುದು, ನಾಚಿಕೆ ಏನೂ ಬೇಡ.

ಅಲ್ಲಿ ನೀಲಿ ಸುಲಭ, ಕೆಂಪು ಮಧ್ಯಮ, ಕಪ್ಪು ಕಷ್ಟ. ಅಲ್ಲೊಂದು ಇಲ್ಲೊಂದು ಚಿಕ್ಕ ತುಂಡು ಬಿಟ್ಟರೆ ನೀಲಿಯ ಇಳಿಜಾರು ಶೇ. 25 ದಾಟುವುದಿಲ್ಲ, ಕೆಂಪಿನದು ಶೇ. 40. ಶೇ. 25 ಅಂದರೆ 100 ಮೀಟರ್ ಮುಂದೆ ಹೋಗುವಷ್ಟರಲ್ಲಿ 25 ಮೀಟರ್ ಕೆಳಗೆ. ಕೋನದ ಲೆಕ್ಕದಲ್ಲಿ ಬರೀ 14 ಡಿಗ್ರಿ. ಇಷ್ಟೇನಾ ಅನ್ನಿಸುತ್ತದೆ. ಆದರೆ ಬಸ್ಸು ಏದುಸಿರು ಬಿಟ್ಟುಕೊಂಡು ಹತ್ತುವ ನಮ್ಮ ಘಾಟಿ ರಸ್ತೆಗಳು ಸಾಮಾನ್ಯವಾಗಿ ಇದರ ಅರ್ಧದಷ್ಟೂ ಕಡಿದಾಗಿರುವುದಿಲ್ಲ.

ಬಣ್ಣ ಹೇಳೋದು ಇಳಿಜಾರಿನ ಬಗ್ಗೆ. ಇವತ್ತು ಹಿಮ ಹೇಗಿದೆ ಅಂತ ಅದು ಹೇಳುವುದಿಲ್ಲ. ರಾತ್ರಿ ಯಂತ್ರ ಓಡಿಸಿ ಸಮ ಮಾಡಿದ ಪಿಸ್ಟ್ ಬೆಳಗ್ಗೆ ಚೆನ್ನಾಗಿರುತ್ತದೆ, ಆಮೇಲೆ ಸಾವಿರಾರು ಜನ ಜಾರಿ ಜಾರಿ ಮಧ್ಯಾಹ್ನದ ಹೊತ್ತಿಗೆ ಅಲ್ಲಲ್ಲಿ ಹಿಮದ ಗುಡ್ಡೆ, ಗುಡ್ಡೆಗಳ ನಡುವೆ ನುಣುಪು ಮಂಜುಗಡ್ಡೆ. ಮೋಡ ಕವಿದರೆ ನೆಲವೂ ಬಿಳಿ, ಆಕಾಶವೂ ಬಿಳಿ. ಮುಂದೆ ತಗ್ಗಿದೆಯೋ ಉಬ್ಬಿದೆಯೋ ತಿಳಿಯುವುದಿಲ್ಲ, ಅಂಚಿನ ಕಂಬಗಳೇ ಗತಿ. ಊರಿಗೆ ಇಳಿಯುವ ಕೊನೆಯ ದಾರಿಯಲ್ಲಂತೂ ಸಂಜೆ ಎಲ್ಲರೂ ಒಟ್ಟಿಗೆ ಬರುತ್ತಾರೆ, ಆ ಹೊತ್ತಿಗೆ ನಿಮ್ಮ ತೊಡೆ ನಿಮ್ಮ ಮಾತು ಕೇಳುವುದಿಲ್ಲ.

ಝರ್ಮಾಟ್ ಊರು ಸುಮಾರು 1,600 ಮೀಟರ್ ಎತ್ತರದಲ್ಲಿದೆ, ಕೇಬಲ್ ಕಾರಿನ ತುದಿ 3,800 ಮೀಟರ್‌ಗೂ ಮೇಲೆ. ಮೊದಲ ದಿನವೇ ಆ ತುದಿಯಿಂದ ಜಾರುವ ಆಸೆ ಬೇಡ. ಊರಿನ ಮೇಲಿರುವ ಸುನ್ನೆಗಾ ಅನ್ನೋ ಸ್ಕೀ ಜಾಗಕ್ಕೆ ಹೋಗಿ. ಬೆಟ್ಟದೊಳಗಿನ ಸುರಂಗದಲ್ಲೇ ಹಗ್ಗದ ರೈಲು ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ, ಪಕ್ಕದಲ್ಲೇ ಲೈಸೀ ಕೆರೆ ಹತ್ತಿರ ಹೊಸಬರು ಕಲಿಯುವ ಜಾಗ ಇದೆ. ಆಮೇಲೆ ರಿಫೆಲ್‌ಬರ್ಗ್. ನನ್ನ ಆಯ್ಕೆ ಇದೇ: ನೀಲಿ ಪಿಸ್ಟ್‌ಗಳಿವೆ, 1898ರಿಂದ ಓಡುತ್ತಿರುವ, ಹಲ್ಲಿನ ಹಳಿ ಕಚ್ಚಿಕೊಂಡು ಬೆಟ್ಟ ಹತ್ತುವ ಗೋರ್ನರ್‌ಗ್ರಾಟ್ ರೈಲು ಅಲ್ಲಿ ನಿಲ್ಲುತ್ತದೆ, ಸುಸ್ತಾದರೆ ಸ್ಕೀ ಕೈಲಿ ಹಿಡಿದು ಹತ್ತಿದರಾಯಿತು.

ಚೇರ್‌ಲಿಫ್ಟ್ ಅಂದ್ರೆ ಭಯ ಅನ್ನುವವರಿಗೆ ಒಂದು ಮಾತು. ಹೊಸ ಲಿಫ್ಟ್‌ಗಳಲ್ಲಿ ಕುರ್ಚಿಯ ಹಿಡಿತ ನಿಲ್ದಾಣದೊಳಗೆ ಬಂದಾಗ ಮುಖ್ಯ ಹಗ್ಗ ಬಿಟ್ಟು ನಿಧಾನಕ್ಕೆ ಸಾಗುತ್ತದೆ, ಹೊರಗೆ ಹೋಗುವಾಗ ಮತ್ತೆ ಹಗ್ಗ ಕಚ್ಚಿಕೊಳ್ಳುತ್ತದೆ, ಹಾಗಾಗಿ ಕೂರೋಕೆ ಸಮಯ ಸಿಗುತ್ತದೆ. ಹಳೇ ಕಾಲದ ಟಿ-ಬಾರ್ (ಹಗ್ಗದಿಂದ ಇಳಿಬಿಟ್ಟ, ತಲೆಕೆಳಗಾದ T ಆಕಾರದ ಸರಳು) ಎದುರಾದರೆ ಅದರ ಮೇಲೆ ಕೂರಬೇಡಿ. ಅದು ಹಿಂದಿನಿಂದ ತಳ್ಳುತ್ತದೆ, ನೀವು ಸುಮ್ನೆ ನಿಂತಿರಬೇಕು.

ಮೇಲಿಂದ ಇಟಲಿಯ ಚೆರ್ವಿನಿಯಾ ಕಡೆಗೂ ಇಳಿಯಬಹುದು, ಪಾಸ್ ಬೇರೆ ಬೇಕು. ಈ ಸಲ ಬಿಡಿ. ಗಾಳಿ ಜೋರಾದರೆ ಮೇಲಿನ ಲಿಫ್ಟ್ ನಿಲ್ಲಿಸುತ್ತಾರೆ, ಆಗ ಝರ್ಮಾಟ್‌ಗೆ ವಾಪಸ್ ಬರೋಕೆ ಬೆಟ್ಟ ಸುತ್ತಿಕೊಂಡು ರಸ್ತೆಯಲ್ಲಿ ಗಂಟೆಗಟ್ಟಲೆ ಟ್ಯಾಕ್ಸಿ, ದುಡ್ಡು ನಿಮ್ಮದೇ.